ಎರಡನೇ ಭಾನುವಾರದ ಯಶೋದಮ್ಮ

ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಯಶೋದಮ್ಮನಿಗೆ ಊರು ದಾಟುವಷ್ಟರಲ್ಲಿ ನಿದ್ದೆ ಬರುತ್ತಿತ್ತು. ಚಿನಕುರಳಿಯಲ್ಲಿ ಜನ ಹತ್ತಿ ಇಳಿಯುವ ಗಲಾಟೆಗೆ ಒಮ್ಮೆ ಎಚ್ಚರಾಗಿ, ತೊಡೆಯ ಮೇಲಿದ್ದ ರಟ್ಟಿನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡು, ತಲೆಯನ್ನು ಮತ್ತೆ ಸರಳಿಗೆ ಆನಿಸುತ್ತಿದ್ದಳು. ಪಾಂಡವಪುರ ಬಂತೆಂದು ಕಂಡಕ್ಟರೇ ಕೂಗಿ ಎಬ್ಬಿಸಬೇಕು. ಎರಡನೇ ಭಾನುವಾರ ಬಂದರೆ ಈ ಹೆಂಗಸು ಡಬ್ಬಿ ಹಿಡಿದು ಎಲ್ಲಿಗೆ ಹೋಗುತ್ತಾಳೆಂದು ಅವನಿಗೂ ಕುತೂಹಲ. ಒಂದು ಸಲ ಕೇಳಿಯೇಬಿಟ್ಟ. “ಸಂಘದ ಮೀಟಿಂಗು ಕಣಪ್ಪ” ಎಂದಳು. ಹಾಲಿನ ಸಂಘವೋ ಮಹಿಳಾ ಸಂಘವೋ ಇರಬೇಕೆಂದು ಅವನು ಸುಮ್ಮನಾದ.

ಅದು ಫೋಟೋ ತೆಗೆಯುವವರ ಸಂಘ. ಪಾಂಡವಪುರದ ಅಕ್ಕಿ ಗಿರಣಿಯೊಂದರ ಮಹಡಿಯಲ್ಲಿ ಸೇರುತ್ತಿತ್ತು. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಎಸ್. ಕಡೆಯಿಂದೆಲ್ಲ ಬರುತ್ತಿದ್ದರು, ಬಂದರೆ ಹನ್ನೆರಡು ಹದಿಮೂರು ಜನ, ಇಲ್ಲವೆಂದರೆ ಆರೇಳು. ಅವರಲ್ಲಿ ಯಶೋದಮ್ಮ ಒಬ್ಬಳೇ ಹೆಂಗಸು. ಇನ್ನೊಂದು ಮಾತೂ ಇತ್ತು: ಉಳಿದವರಿಗೆಲ್ಲ ಫೋಟೋ ಹವ್ಯಾಸ, ಅವಳಿಗೆ ಮಾತ್ರ ಅದು ಹೊಟ್ಟೆಪಾಡು. ವಾರವೆಲ್ಲ ಮಾಡಿದ ಕೆಲಸವನ್ನೇ ಬಿಡುವಿನ ದಿನವೂ ಕೂತು ಮಾತಾಡಲು ಅವಳಿಗೇನೂ ಆಸೆ ಇರಲಿಲ್ಲ. ಗಂಡ ಕಳಿಸುತ್ತಿದ್ದ, ಹೋಗುತ್ತಿದ್ದಳು.

ಗಂಡ ಕೆಂಪಣ್ಣ. ಕೆ.ಆರ್. ಪೇಟೆಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನ ಸ್ಟುಡಿಯೋ. ಮುಂದೆ ಅಂಗಡಿ, ನಡುವೆ ಕತ್ತಲ ಕೋಣೆ, ಹಿಂದೆ ಮನೆ. ಯಶೋದಮ್ಮ ಅರಕೆರೆಯವಳು, ನಾಲೆ ಏರಿಯ ಮೇಲೆ ಓಡಾಡಿಕೊಂಡು ಬೆಳೆದವಳು. ತನ್ನ ಮದುವೆಯ ದಿನವೇ ಅವಳಿಗೆ ಗಂಡನ ಸ್ವಭಾವ ಗೊತ್ತಾಗಿತ್ತು. ತಾಳಿ ಕಟ್ಟಲು ಕೈಯೆತ್ತಿದವನು ಹಾಗೇ ನಿಂತು, ಎದುರಿದ್ದ ಫೋಟೋದವನಿಗೆ “ಎಡಕ್ಕೆ ಬಾರಪ್ಪ, ಕಂಬ ಅಡ್ಡ ಬತ್ತದೆ” ಎಂದಿದ್ದ. ಹೆಣ್ಣಿನ ಕಡೆಯ ಹಿರಿಯರು ಮುಖ ಗಂಟಿಕ್ಕಿದರು. ಫೋಟೋ ಮಾತ್ರ ಚೆನ್ನಾಗಿ ಬಂತು.

ಸಂಸಾರ ಹೂಡಿದ ಮೇಲೆ ಕತ್ತಲ ಕೋಣೆಯ ಕೆಲಸ ತಾನಾಗಿ ಅವಳ ಪಾಲಿಗೆ ಬಂತು. ಪ್ರಿಂಟು ತೊಳೆಯುವುದು, ಒಣಗಲು ಹಾಕುವುದು, ಅಂಚು ಕತ್ತರಿಸುವುದು. ಹಾಗೇ ಡೆವಲಪ್ಪು, ಹಾಗೇ ದೊಡ್ಡದು ಮಾಡುವುದು. ಮಗಳು ಚೈತ್ರ ಹುಟ್ಟಿದ ವರ್ಷವೂ ಕೂಸನ್ನು ಅಂಗಡಿಯ ಬೆಂಚಿನ ಮೇಲೆ ಮಲಗಿಸಿ ಕೆಂಪು ದೀಪದ ಕೆಳಗೆ ನಿಂತು ಕೆಲಸ ಮಾಡಿದ್ದಳು. ಕ್ಯಾಮೆರಾ ಮಾತ್ರ ಕೆಂಪಣ್ಣನದು. ಅದನ್ನು ಅವನು ಯಾರ ಕೈಗೂ ಕೊಡುತ್ತಿರಲಿಲ್ಲ.

ತೊಂಬತ್ತೆರಡರ ಬೇಸಿಗೆಯಲ್ಲಿ ನಾಗಮಂಗಲದ ಕಡೆ ಒಂದು ಮದುವೆ. ಗಂಡು ಹೆಣ್ಣನ್ನು ನಡುವೆ ಕೂರಿಸಿ, ಮೂರು ಸಾಲು ನೆಂಟರನ್ನು ಜೋಡಿಸಿ, ಕೆಂಪಣ್ಣ ಬೆಂಚಿನ ಮೇಲೆ ಹತ್ತಿ ನಿಂತಿದ್ದ. “ಎಲ್ರೂ ಇಲ್ ನೋಡಿ” ಎಂದ. ಮುಂದಿನ ಮಾತು ತೊದಲಿತು. ಕೈಯಿಂದ ಕ್ಯಾಮೆರಾ ಮೊದಲು ಬಿತ್ತು, ಹಿಂದೆಯೇ ಅವನು. ಮೈಸೂರಿನ ಆಸ್ಪತ್ರೆಯಿಂದ ವಾಪಸು ಬರುವಾಗ ಬಲಗೈ, ಬಲಗಾಲು ಸತ್ವ ಕಳೆದುಕೊಂಡಿದ್ದವು. ಮಾತು ಮಾತ್ರ ಮೆಲ್ಲಗೆ ತಿರುಗಿ ಬಂತು.

ಒಪ್ಪಿಕೊಂಡ ಮದುವೆಗಳಿದ್ದವು. ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಕಳಿಸಲು ಯಶೋದಮ್ಮ ಚೀಟಿ ಬರೆದಿಟ್ಟಿದ್ದಳು. ಮಂಚದ ಮೇಲಿಂದಲೇ ಕೆಂಪಣ್ಣ ಹೇಳಿದ: “ನೀನೇ ವೋಗು. ಕತ್ಲಲ್ಲಿ ಇಷ್ಟ್ ವರ್ಸ ನಾನ್ ತೆಗ್ದುದ್ನೆಲ್ಲ ನೋಡಿದ್ದೀಯ. ಬೆಳಕಲ್ಲಿ ನೋಡಾಕೆ ಏನು ಕಷ್ಟ.”

ಕಷ್ಟವಿತ್ತು. ಮೊದಲ ಮದುವೆಯಲ್ಲಿ ಹೋದ ಕಡೆಯೆಲ್ಲ “ಕೆಂಪಣ್ಣ ಎಲ್ಲಮ್ಮ?” ಎಂದು ಕೇಳಿದರು. ಬೆಂಚು ಹತ್ತಿದಾಗ ಹುಡುಗಿಯರು ನಕ್ಕರು. ಅವಳು ಸೆರಗು ಸಿಕ್ಕಿಸಿಕೊಂಡು ತೆಗೆದಳು. ಚಿತ್ರಗಳು ತೀರ ಕೆಟ್ಟಿರಲಿಲ್ಲ. ಎರಡನೆಯದಕ್ಕೆ ಯಾರೂ ನಗಲಿಲ್ಲ. ಆಮೇಲಿನ ವರ್ಷಗಳೆಲ್ಲ ಒಂದೇ ಥರ: ಬೆಳಗ್ಗೆ ಗಂಡನನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ತಿನ್ನಿಸುವುದು, ಅಂಗಡಿ ಬಾಗಿಲು ತೆಗೆಯುವುದು, ಸ್ಕೂಲು ಮಕ್ಕಳ ಸಣ್ಣ ಫೋಟೋ, ತೀರಿಹೋದವರ ಹಳೇ ಪಟವನ್ನು ದೊಡ್ಡದು ಮಾಡಿಕೊಡುವುದು, ಮುಹೂರ್ತವಿದ್ದರೆ ಮದುವೆ. ಆಯಾಸ ಅವಳ ಮೈಯಲ್ಲಿ ಹೊಸದಾಗಿ ಬಂದು ಸೇರಿದ ಒಂದು ಅಂಗದಂತೆ ಇರತೊಡಗಿತು. ಅದಿಲ್ಲದ ದಿನ ಹೇಗಿತ್ತು ಎಂಬುದೇ ಮರೆತುಹೋಯಿತು.

ಸಂಘ ಕಟ್ಟಿದವರು ಸೋಮಯ್ಯ ಮೇಷ್ಟ್ರು. ಪಾಂಡವಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು, ಕುಂತಿ ಬೆಟ್ಟವನ್ನು ಎಲ್ಲ ಹೊತ್ತಿನಲ್ಲೂ ಫೋಟೋ ತೆಗೆದವರು. ಕಪ್ಪು ಬಿಳುಪು ಚಿತ್ರಗಳನ್ನು ದೊಡ್ಡದು ಮಾಡಿಸಲು ಕೆ.ಆರ್. ಪೇಟೆಗೆ ಬರುತ್ತಿದ್ದರು. ಒಂದು ದಿನ ಯಶೋದಮ್ಮನ ಕೈಯ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ, “ನೀವೂ ಬನ್ನಿ ನಮ್ಮ ಸಂಘಕ್ಕೆ” ಎಂದರು.

“ನಮ್ಗೆಲ್ಲಿ ಪುರಸೊತ್ತು ಸಾ.”

ಮೇಷ್ಟ್ರು ಎಂದೂ ಮುಖ ನೋಡಿರದ ಕೆಂಪಣ್ಣನ ದನಿ ಒಳಗಿನಿಂದ ಬಂತು. “ವೋಗ್ತಾಳೆ ಮೇಷ್ಟ್ರೇ. ಎರಡ್ನೇ ಬಾನ್ವಾರ ತಾನೇ? ಕಳಿಸ್ತೀನಿ.”

ಮೇಷ್ಟ್ರು ಹೋದ ಮೇಲೆ ಅವಳು ಒಳಗೆ ಬಂದು ನಿಂತಳು. ಕೆಂಪಣ್ಣ ಗೋಡೆ ಕಡೆ ನೋಡಿಕೊಂಡು ಹೇಳಿದ: “ನಾನು ಜಲ್ಮೆಲ್ಲ ಮದ್ವೆ ತೆಗ್ದೆ ಕಣಮ್ಮಿ. ಬ್ಯಾರೆ ಏನಾರ ತೆಗೀಬೇಕು ಅಂತಿತ್ತು. ನೀನು ವೋಗು. ಅವ್ರೇನು ಮಾತಾಡ್ತಾರೆ ಅಂತ ಬಂದೇಳು.” ಹೋದಳು.

ಸಂಘದಲ್ಲಿ ಒಂದು ಕಟ್ಟುಪಾಡಿತ್ತು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಪ್ರಿಂಟು ತೂಗುಹಾಕುವುದು. ಯಾರದು ಎಂದು ಹೇಳುವಂತಿಲ್ಲ. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಮೇಷ್ಟ್ರು “ಯಾರದಪ್ಪ?” ಎಂದು ಕೇಳುವರು, ತೆಗೆದವರು ಆಗ ಬಾಯಿ ಬಿಡಬಹುದು. ಶ್ರೀರಂಗಪಟ್ಟಣದ ಬ್ಯಾಂಕಿನಲ್ಲಿದ್ದ ಶಂಕರ್ ಹೆಚ್ಚು ಮಾತಿನವನು. ಅವನ ಬಳಿ ಒಳ್ಳೆಯ ಕ್ಯಾಮೆರಾ ಇತ್ತು, ಇಂಗ್ಲಿಷ್ ಪತ್ರಿಕೆ ತರಿಸಿ ಓದುತ್ತಿದ್ದ, ನದಿ ದಂಡೆಯಲ್ಲಿ ಮಂಜು ಬೀಳುವ ಬೆಳಗು ತಪ್ಪಿಸುತ್ತಿರಲಿಲ್ಲ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದ ಮಂಚಯ್ಯ ಕಡಿಮೆ ಮಾತಿನವನು. ಅವನು ಬರೇ ನೀರು ತೆಗೆಯುತ್ತಿದ್ದ. ತೂಬಿನ ನೀರು, ನಿಂತ ನೀರು, ಹಿನ್ನೀರು ಇಳಿದ ಮೇಲಿನ ಕೆಸರು. “ಮಂಚಯ್ಯ, ಒಂದು ಕೊಕ್ಕರೆನಾದ್ರೂ ಸೇರಿಸ್ರೀ” ಎಂದು ಉಳಿದವರು ಹಾಸ್ಯ ಮಾಡುತ್ತಿದ್ದರು.

ಯಶೋದಮ್ಮ ಮೊದಮೊದಲು ಮದುವೆ ಮನೆಯ ಚಿತ್ರಗಳನ್ನೇ ಒಯ್ದಳು. ಪಾತ್ರೆಗಳ ನಡುವೆ ಬಿದ್ದು ಮಲಗಿದ ಅಡುಗೆಯವರು, ವಾಲಗ ಬದಿಗಿಟ್ಟು ಕಾಲು ಒತ್ತಿಕೊಳ್ಳುತ್ತಿದ್ದವನು. ಚರ್ಚೆ ನಡೆಯುತ್ತಿತ್ತು. ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಕಿಟಕಿಯಿಂದ ಕಾಕಂಬಿಯ ಸಿಹಿ ಕೊಳಕು ವಾಸನೆ ಬರುತ್ತಿತ್ತು. ಅವಳು ಗೋಡೆಗೆ ಒರಗಿ ಕೇಳುತ್ತಿದ್ದಳು, ಕೇಳುತ್ತಲೇ ತೂಕಡಿಸುತ್ತಿದ್ದಳು.

ಮನೆಗೆ ಬಂದ ಮೇಲೆ ಅಸಲು ಮೀಟಿಂಗು. ಕೆಂಪಣ್ಣ ದಿಂಬಿಗೆ ಒರಗಿ ಕಾಯುತ್ತಿದ್ದ. ಕಾಲು ತೊಳೆಯುವ ಮೊದಲೇ ಕೇಳುವನು. “ಯಾರ್ಯಾರು ಬಂದಿದ್ರು? ಶಂಕರ ಏನ್ ತಂದಿದ್ದ? ನಿಂದಕ್ಕೆ ಏನಂದ್ರು?” ಅವಳು ಒಲೆ ಹಚ್ಚುತ್ತ ಹೇಳುವಳು. ಅವನು ಒಂದೊಂದು ಮಾತಿಗೂ ನಿಲ್ಲಿಸಿ, ಅಲ್ಲಿಲ್ಲದ ಶಂಕರನ ಜೊತೆ ಜಗಳಕ್ಕೆ ಬೀಳುವನು. “ಮುಂದ್ಗಡೆ ಕತ್ಲು ಜಾಸ್ತಿ ಅಂದ್ನಾ? ಕತ್ಲಿದ್ರೆ ತಾನೇ ಬೆಳಕು ಕಾಣೋದು. ನೀನೇನಂದೆ?”

“ನಾನೇನು ಅನ್ನಲಿ. ಸುಮ್ನಿದ್ದೆ.”

“ಏನೂ ಅನ್ಲಿಲ್ವಾ?”

ಹೀಗೆ ರೊಟ್ಟಿ ಮುಗಿಯುವವರೆಗೂ. ತಿಂಗಳಲ್ಲಿ ಅವನ ಕಣ್ಣು ಹೊಳೆಯುತ್ತಿದ್ದ ದಿನ ಅದೊಂದೇ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದು ಸಲ ಮೀಟಿಂಗಿನಲ್ಲಿ ಪೂರಾ ನಿದ್ದೆ ಹೋಗಿ, ಏನೂ ಕೇಳಿಸಿಕೊಳ್ಳದೆ ಬಂದ ದಿನ, ಬಸ್ಸಿನಲ್ಲಿ ಕೂತು ಎಲ್ಲರ ಮಾತನ್ನೂ ತಾನೇ ಹೊಂದಿಸಿಕೊಂಡಳು. ಶಂಕರ ಹೀಗಂದ, ಮೇಷ್ಟ್ರು ಹಾಗಂದರು. ಕೆಂಪಣ್ಣ ಅದನ್ನೂ ಅಷ್ಟೇ ಆಸೆಯಿಂದ ಕೇಳಿದ. ಆಮೇಲೆ ಇನ್ನೊಂದೆರಡು ಸಲವೂ ಹಾಗೇ ಮಾಡಿದಳು.

ತೊಂಬತ್ತೈದರ ಆಷಾಢ. ಮದುವೆ ಇಲ್ಲದ ತಿಂಗಳು. ಒಂದು ಮಧ್ಯಾಹ್ನ ಅವಳು ಕೆಂಪಣ್ಣನಿಗೆ ಅಂಗಿ ತೊಡಿಸುತ್ತಿದ್ದಾಗ ಅಂಗಡಿಯಲ್ಲಿ ಯಾರೋ ಕರೆದರು. ಒಂದು ತೋಳು ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ಹೋದಳು. ಬಂದವರು ತಾಯಿ ಮಗಳು, ಫೋಟೋ ತೆಗೆಸುವ ಮೊದಲು ತಲೆ ಬಾಚಿಕೊಂಡರು, ಬೊಟ್ಟು ತಿದ್ದಿಕೊಂಡರು, ಬೇಗ ಮುಗಿಯಲಿಲ್ಲ. ಅವಳು ಒಳಗೆ ಬಂದಾಗ ಕೆಂಪಣ್ಣ ಕೂತಲ್ಲೇ ನಿದ್ದೆ ಹೋಗಿದ್ದ. ಒಂದು ತೋಳು ಅಂಗಿಯಲ್ಲಿ, ಇನ್ನೊಂದು ಬರಿದೇ ಮಡಿಲಲ್ಲಿ. ಅಂಗಿಯ ಉಳಿದ ಅರ್ಧ ಬೆನ್ನ ಹಿಂದೆ ಇಳಿಬಿದ್ದಿತ್ತು. ಕಿಟಕಿಯಲ್ಲಿ ಟೀ ಲೋಟ. ಮೋಡದ ಬೆಳಕು ಅವನ ಹೆಗಲ ಮೇಲೆ ಮಾತ್ರ ಬಿದ್ದಿತ್ತು.

ಎಬ್ಬಿಸಿ ಅಂಗಿ ತೊಡಿಸಬೇಕು. ಅದಕ್ಕೂ ಕೈ ಏಳಲಿಲ್ಲ. ಕೊರಳಲ್ಲಿ ಕ್ಯಾಮೆರಾ ಇತ್ತು, ರೀಲಿನಲ್ಲಿ ಕಡೆಯ ಒಂದು ಚಿತ್ರ ಉಳಿದಿತ್ತು. ತೆಗೆದಳು. ರೀಲು ಮುಗಿಯಲೆಂದೇ ತೆಗೆದದ್ದು, ಬೇರೆ ಯೋಚನೆ ಇರಲಿಲ್ಲ. ಆದರೆ ಪ್ರಿಂಟು ತೊಳೆಯುವ ನೀರಿಗೆ ಬಂದಾಗ ಬಹಳ ಹೊತ್ತು ಅದನ್ನು ತೊಟ್ಟಿಯಲ್ಲೇ ಬಿಟ್ಟು ನೋಡುತ್ತ ನಿಂತಳು.

ಆ ಎರಡನೇ ಭಾನುವಾರ ಒಯ್ಯಲು ಬೇರೆ ಏನೂ ಇರಲಿಲ್ಲ. ಬರಿಗೈಯಲ್ಲಿ ಹೋದರೆ ಕೆಂಪಣ್ಣನಿಗೆ ಸಮಾಧಾನವಿಲ್ಲ. ಅವನಿಗೆ ಹೇಳದೆ ಅದನ್ನೇ ಡಬ್ಬಿಗೆ ಹಾಕಿದಳು.

ಚಿತ್ರ ಹಗ್ಗಕ್ಕೆ ಏರಿತು. ಶಂಕರ್ ಎದ್ದು ಹತ್ತಿರ ಹೋದ.

“ಲೈಟು ತುಂಬಾ ಚೆನ್ನಾಗಿದೆ. ಆದ್ರೆ ಆ ಲೋಟ ಬೇಕಾಗಿರ್ಲಿಲ್ಲ, ಕಣ್ಣು ಅಲ್ಲಿಗೆ ಹೋಗುತ್ತೆ. ಈ ಮನುಷ್ಯ ಎಲ್ಲ ಕೈಬಿಟ್ಟಿದಾನೆ, ಅದು ಬಂದಿದೆ. ಯಾರೋ ಆಸ್ಪತ್ರೆ ಮುದುಕ ಇರ್ಬೇಕು. ನೋಡ್ಕೊಳ್ಳೋರು ಇಲ್ಲ. ಅರ್ಧ ಅಂಗಿ ಹಾಕಿ ಬಿಟ್ಟೋಗಿದಾರೆ. ‘ಸೋಲು’ ಅಂತ ಹೆಸರಿಟ್ರೆ ಸರಿಹೋಗುತ್ತೆ.”

ಯಶೋದಮ್ಮ ಗೋಡೆಗೆ ಒರಗಿಯೇ ಇದ್ದಳು. ಆ ದಿನ ನಿದ್ದೆ ಬರಲಿಲ್ಲ.

“ಮುದುಕ ಅಲ್ಲ ಅನ್ಸುತ್ತೆ” ಎಂದರು ಮೇಷ್ಟ್ರು. “ಕೂದ್ಲು ನೋಡಿ. ಐವತ್ತರ ಆಸುಪಾಸು. ಮೈಗೆ ಮಾತ್ರ ಮುಪ್ಪು ಬಂದಿದೆ.”

ಮಂಚಯ್ಯ ಕೂತಲ್ಲಿಂದಲೇ ಹೇಳಿದ: “ಬಿಟ್ಟೋಗಿರೋರು ವಾಪಸ್ ಬಂದವ್ರೆ ಅಲ್ವಾ. ಬರದೆ ಫೋಟೋ ಎಂಗೆ ಬಂತು.”

ಲೋಟ ಇರಬೇಕೋ ಬೇಡವೋ ಎಂಬುದರ ಮೇಲೆ ಮತ್ತಷ್ಟು ಮಾತಾಯಿತು. ಆಮೇಲೆ ಮೇಷ್ಟ್ರು ಕೇಳಿದರು, “ಯಾರದಪ್ಪ ಇದು?”

“ನಂದು” ಎಂದಳು.

“ಯಾರಮ್ಮ ಇವರು?”

“ನಮ್ಮ ಯಜಮಾನ್ರು.”

ಟೀ ಕುಡಿಯುವಾಗ ಶಂಕರ್ ಬಳಿಗೆ ಬಂದು ನಿಂತ. ಅವನ ಮುಖ ಕಪ್ಪಿಟ್ಟಿತ್ತು. “ನಂಗೆ ಗೊತ್ತಿರ್ಲಿಲ್ಲ ಯಶೋದಮ್ಮನವ್ರೆ. ತಪ್ಪು ತಿಳ್ಕೋಬೇಡಿ.”

“ಬುಡಿ ಸಾ. ನೀವು ಫೋಟೋ ನೋಡಿ ಹೇಳಿದ್ರಿ. ನೋಡ್ದೋರ್ಗೆ ಅಂಗೇ ಕಾಣ್ತದೆ.” ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು.

ಆ ಸಂಜೆ ಕೆಂಪಣ್ಣ ಕೇಳಿದಾಗ ಹೊಸಹೊಳಲು ದೇವಸ್ಥಾನದ ಹಳೇ ಚಿತ್ರವೊಂದನ್ನು ಒಯ್ದಿದ್ದೆ ಎಂದಳು. ಗೋಡೆಯ ಸಾಲಿನ ಆನೆಗಳ ಬಗ್ಗೆ ಮೇಷ್ಟ್ರು ಹೇಳಿದರೆಂದು ನಾಲ್ಕು ಮಾತು ಕಟ್ಟಿದಳು. ಅವನು ನಂಬಿದ.

ಎರಡು ವಾರ ಕಳೆದಿರಲಿಲ್ಲ, ಸೋಮಯ್ಯ ಮೇಷ್ಟ್ರು ಸ್ಟುಡಿಯೋಗೆ ಬಂದರು. ಶ್ರೀರಂಗಪಟ್ಟಣದಲ್ಲಿ ಸಂಘದ ಪ್ರದರ್ಶನ ಏರ್ಪಾಡಾಗಿತ್ತು. ಯಶೋದಮ್ಮ ಕತ್ತಲ ಕೋಣೆಯಲ್ಲಿದ್ದಳು, ಬಾಗಿಲು ತೆಗೆಯುವಂತಿರಲಿಲ್ಲ. ಮೇಷ್ಟ್ರು ಒಳಗೆ ಹೋಗಿ ಕೆಂಪಣ್ಣನ ಮಂಚದ ಪಕ್ಕ ಕೂತು, ಗೌರವದಿಂದಲೇ ಹೇಳಿದರು: “ನಿಮ್ಮದೊಂದು ಚಿತ್ರ ಅವ್ರು ತೆಗ್ದಿದಾರಲ್ಲ, ಅದನ್ನ ನಡುವೆ ಹಾಕೋಣ ಅಂತಿದೀವಿ. ದೊಡ್ಡ ಪ್ರಿಂಟು ಬೇಕಿತ್ತು.”

“ನಂದಾ? ಯಾವ್ದು?” ಎಂದ ಕೆಂಪಣ್ಣ.

ಅವಳು ಕೈ ಒರೆಸಿಕೊಂಡು ಹೊರಗೆ ಬಂದಾಗ ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಬೇಗನೆ ಎದ್ದು ಹೊರಟುಹೋದರು.

“ತಕ್ಕೊಂಬಾ” ಎಂದ ಕೆಂಪಣ್ಣ.

ತಂದುಕೊಟ್ಟಳು. ಎಡಗೈಯಲ್ಲಿ ಹಿಡಿದು ನೋಡಿದ. ಕನ್ನಡಿ ಇದ್ದದ್ದು ಮುಂದಿನ ಅಂಗಡಿಯಲ್ಲಿ, ಗಿರಾಕಿಗಳಿಗಾಗಿ. ಬಿದ್ದ ದಿನದಿಂದ ಕೆಂಪಣ್ಣ ತನ್ನನ್ನು ತಾನು ಸರಿಯಾಗಿ ನೋಡಿಕೊಂಡೇ ಇರಲಿಲ್ಲ. ಅವಳೂ ಅದನ್ನು ಯೋಚಿಸಿರಲಿಲ್ಲ.

“ಇಂಗಿದ್ದೀನಾ ನಾನು?”

ಅವಳು ಅವನ ಬೆನ್ನ ಹಿಂದಿನ ದಿಂಬು ಸರಿಮಾಡಿದಳು.

“ಆನೆ ಸಾಲು ಅಂದ್ಯಲ್ಲ.”

“ಸುಳ್ಳೇಳ್ದೆ.”

“ಬ್ಯಾರೆ ಸಲ ಏಳಿದ್ದು?”

“ಕೆಲವು ಸುಳ್ಳು. ನಿದ್ದೆ ಬಂದ್ಬುಡ್ತಿತ್ತು ಕಣ್ರೀ. ಬಂದ್ರೆ ನೀವು ಕಾಯ್ಕೊಂಡಿರೋರು.”

ಅವನು ಫೋಟೋವನ್ನು ಮಗ್ಗುಲಿಗೆ ಇಟ್ಟು ಕಣ್ಣು ಮುಚ್ಚಿದ. ಎರಡು ದಿನ ಅವಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಮೂರನೆಯ ದಿನ ಗಡ್ಡ ಹೆರೆಸಿಕೊಳ್ಳುತ್ತ ಹೇಳಿದ: “ಅದ್ನ ಅಲ್ಲಿ ಹಾಕ್ಬ್ಯಾಡ. ನಾಕು ತಾಲ್ಲೂಕಲ್ಲಿ ನಾನು ಫೋಟೋ ತೆಗೀದ ಮನೆ ಇಲ್ಲ. ಎಲ್ರನ್ನೂ ಎದೆ ಎತ್ತಿಸಿ, ಕಾಲರ್ ಸರಿ ಮಾಡಿ ನಿಲ್ಸಿದೋನು ನಾನು. ಅವ್ರು ಬಂದು ನನ್ನ ಇಂಗೆ ನೋಡೋದು ಬ್ಯಾಡ.”

“ಆಯ್ತು” ಎಂದಳು. ಅವಳಿಗೆ ಒಳಗೆ ಹಗುರವೇ ಆಯಿತು.

ಮುಂದಿನ ಎರಡನೇ ಭಾನುವಾರ ಸಂಘದಲ್ಲಿ ತಿಳಿಸಿದಾಗ ಮೇಷ್ಟ್ರು ಬೇಜಾರು ಮಾಡಿಕೊಂಡರು. ಶಂಕರ್ ಮಾತು ಬೆಳೆಸಿದ. ತೆಗೆದವರ ಹಕ್ಕು ದೊಡ್ಡದು, ಮನೆಯವರ ಮುಖ ನೋಡಿಕೊಂಡು ಕೂತರೆ ಯಾವ ಒಳ್ಳೆ ಚಿತ್ರವೂ ಹೊರಗೆ ಬರಲ್ಲ ಎಂದ.

“ಫೋಟೋ ನಂದೇ ಸಾ” ಎಂದಳು ಯಶೋದಮ್ಮ. “ಮೈ ಅವ್ರದು.”

ಪ್ರದರ್ಶನ ಆ ಚಿತ್ರವಿಲ್ಲದೆಯೇ ನಡೆಯಿತು. ಶಂಕರನ ಮಂಜು, ಮೇಷ್ಟ್ರ ಬೆಟ್ಟ, ಅವಳ ಅಡುಗೆಯವರ ಚಿತ್ರ. ಬಂದವರು ಬಂದರು, ನೋಡಿದರು, ಹೋದರು.

ಮಂಚಯ್ಯ ಅದಾದ ಮೇಲೆ ಒಂದು ಮಾತು ತೆಗೆದ. “ಒಂದ್ ಸಲ ನಾವೇ ಕೆ.ಆರ್. ಪೇಟೆಗೆ ಹೋಗೋಣ. ಕೆಂಪಣ್ಣನವ್ರೂ ಕೂತ್ಕೊಳ್ಳಲಿ.” ಎಲ್ಲರೂ ಒಪ್ಪಿದರು. ಯಶೋದಮ್ಮನ ಮನಸ್ಸಿನಲ್ಲಿ ಮೊದಲು ಬಂದದ್ದು ಇಷ್ಟು ಜನಕ್ಕೆ ಟೀ ಕಾಸಬೇಕು, ಅಂಗಡಿ ಗುಡಿಸಬೇಕು ಎಂಬುದು. ಆದರೂ ಹೂಂ ಎಂದಳು.

ಕೆಂಪಣ್ಣ ಆ ದಿನ ಬೆಳಗ್ಗೆಯೇ ಗಡ್ಡ ಹೆರೆಸಿಕೊಂಡ. ಬಿಳಿ ಅಂಗಿ ಬೇಕೆಂದ. ಚೈತ್ರ ಆಗ ಕಾಲೇಜಿಗೆ ಹೋಗುತ್ತಿದ್ದಳು. ತಾಯಿ ಮಗಳು ಸೇರಿ ಅವನನ್ನು ಅಂಗಡಿಯ ಕುರ್ಚಿಗೆ ತಂದು ಕೂರಿಸಿದರು. ಪರದೆಯ ಮುಂದೆ ಹಗ್ಗ ಕಟ್ಟಿತ್ತು. ಎಂಟು ಜನ ಬಂದರು. ಚಿತ್ರಗಳು ಏರಿದವು. ಕೆಂಪಣ್ಣ ಮಾತಿಗೆ ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಕರೆಂಟು ಹೋದ ಮದುವೆಯಲ್ಲಿ ಗ್ಯಾಸ್‌ಲೈಟಿನ ಬೆಳಕಲ್ಲಿ ತೆಗೆದದ್ದು, ಮುಖ ತಿರುಗಿಸಿ ಕೂತ ಮದುಮಗನನ್ನು ನಗಿಸಿದ್ದು, ಒಂದಾದ ಮೇಲೊಂದು. ಶಂಕರನ ಮಂಜಿನ ಚಿತ್ರಕ್ಕೆ “ಚೆನ್ನಾಗೈತೆ, ಆದ್ರೆ ಇದ್ರಾಗೆ ಜನ ಎಲ್ಲವ್ರೆ?” ಎಂದ. ಮಂಚಯ್ಯನ ನೀರು ಅವನಿಗೆ ಅರ್ಥವೇ ಆಗಲಿಲ್ಲ. ಕೆಲವು ಮಾತು ಸರಿ, ಕೆಲವು ತೀರ ಹಳೇ ಕಾಲದವು. ಬಂದವರು ಮರ್ಯಾದೆಗೆ ಕೇಳುತ್ತಿದ್ದರು. ನಾಗಮಂಗಲದವನೊಬ್ಬ ಗಡಿಯಾರ ನೋಡಿಕೊಂಡು ಮೆಲ್ಲಗೆ ಎದ್ದು ಬಸ್ಸಿಗೆ ಹೋದ.

ಟೀ ಮುಗಿದ ಮೇಲೆ ಕೆಂಪಣ್ಣ ಹೆಂಡತಿಯ ಕಡೆ ತಿರುಗಿದ. “ಅದ್ನೂ ಹಾಕು.”

“ಬ್ಯಾಡ ಬುಡಿ.”

“ಹಾಕು. ನಾನಿಲ್ದಾಗ ಮಾತಾಡವ್ರೆ. ನನ್ ಮುಂದೇನೂ ಮಾತಾಡ್ಲಿ.”

ಅವಳು ತಂದು ಕ್ಲಿಪ್ಪು ಹಾಕಿದಳು. ಹಗ್ಗದ ಮೇಲೆ ಅರ್ಧ ಅಂಗಿಯ ಕೆಂಪಣ್ಣ, ಕೆಳಗೆ ಬಿಳಿ ಅಂಗಿಯ ಕೆಂಪಣ್ಣ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

“ಏಳಿ. ವೋದ್ ಸಲ ಏಳಿದ್ದೇ ಏಳಿ.”

ಶಂಕರ್ ಗಂಟಲು ಸರಿಮಾಡಿಕೊಂಡ. “ಲೈಟು ಚೆನ್ನಾಗಿದೆ ಸಾರ್.”

“ಲೈಟು ಕಿಟ್ಕೀದು. ಅದ್ನ ಬುಡಿ. ಇವಳ್ದೇನೈತೆ ಇದ್ರಲ್ಲಿ, ಅದ್ನೇಳಿ.”

ಹೊರಗೆ ಬೀದಿಯಲ್ಲಿ ಟ್ರಾಕ್ಟರು ಹೋಯಿತು; ಅದರ ಸದ್ದು ಮುಗಿಯುವವರೆಗೆ ಸುಮ್ಮನಿರಲು ಎಲ್ಲರಿಗೂ ಒಂದು ನೆವ ಸಿಕ್ಕಿದಂತಾಯಿತು. ಆಮೇಲೆ ಮಂಚಯ್ಯ ಹೇಳಿದ. ನಿಧಾನಕ್ಕೆ, ಒಂದೊಂದೇ ಮಾತು ಹುಡುಕಿಕೊಂಡು.

“ನಂಗೆ ಕಂಡಿದ್ದು ಏಳ್ತೀನಿ. ಅಂಗಿ ಹಾಕ್ತಿದ್ದೋರ್ಗೆ ಯಾವ್ದೋ ಕೆಲ್ಸ ಬಂದೈತೆ. ವಾಪಸ್ ಬಂದವ್ರೆ. ಬಂದು, ಎಬ್ಬಿಸಿ ಇನ್ನೊಂದು ತೋಳು ಹಾಕೋಕೂ ಆಗ್ದಂಗೆ ನಿಂತವ್ರೆ. ನಿಂತಿರೋರು ಕೂಡ ಮಲಗ್ಬುಡ್ಬೇಕು, ಅಷ್ಟು ಸುಸ್ತು. ಫೋಟೋ ಸ್ವಲ್ಪ ವಾಲೈತೆ ನೋಡಿ ಎಡಕ್ಕೆ. ಬಾಗ್ಲಿಗೆ ಒರಗ್ಕೊಂಡು ತೆಗ್ದಿರ್ಬೇಕು. ನಂಗೆ ಇದ್ರಾಗೆ ಮಲಗಿರೋರ್ಗಿಂತ ನಿಂತಿರೋರೇ ಜಾಸ್ತಿ ಕಾಣ್ತಾರೆ.”

ಕೆಂಪಣ್ಣ ತಲೆ ಎತ್ತಿ ಚಿತ್ರವನ್ನೇ ನೋಡುತ್ತಿದ್ದ. ಯಶೋದಮ್ಮ ಖಾಲಿ ಲೋಟಗಳನ್ನು ಜೋಡಿಸಿಕೊಂಡು ಒಳಗೆ ಹೋದಳು. ತೊಳೆಯುವ ಕೆಲಸವಿತ್ತು, ತೊಳೆದಳು. ಹೊರಗೆ ಬಂದಾಗ ಅವರೆಲ್ಲ ಬಸ್ಸಿನ ಹೊತ್ತಿನ ಬಗ್ಗೆ ಮಾತಾಡುತ್ತಿದ್ದರು.

ಎಲ್ಲರೂ ಹೋದ ಮೇಲೆ ಕೆಂಪಣ್ಣ ಕುರ್ಚಿಯಲ್ಲೇ ಉಳಿದ. ಒಳಗೆ ಕರೆದೊಯ್ಯಲು ಅವಳು ಬಗ್ಗಿದಾಗ, “ವಸಿ ಕೂತ್ಕೋ” ಎಂದ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಅವಳು ಕೂತಳು. ಎದುರಿಗೆ ಕನ್ನಡಿ, ಅದರಲ್ಲಿ ಇಬ್ಬರೂ ಕಾಣುತ್ತಿದ್ದರು.

“ದಿನಾ ನಿನ್ ಮಕ ನೋಡ್ತೀನಿ. ಇಷ್ಟು ದಣಿದಿದ್ದೀಯ ಅಂತ ಗೊತ್ತಾಗ್ಲಿಲ್ವಲ್ಲ ಕಣಮ್ಮಿ.”

“ಗೊತ್ತಾಗಿ ಏನ್ ಮಾಡೀರಿ.”

“ಏನೂ ಮಾಡಾಕಾಗಲ್ಲ. ಮುಂದಿನ ಎರಡ್ನೇ ಬಾನ್ವಾರ ವೋಗ್ಬ್ಯಾಡ. ಮಲ್ಕೋ.”

ಅವಳು ಹೋಗಲಿಲ್ಲ. ಎರಡನೇ ಭಾನುವಾರ ಬಂತು, ಚೈತ್ರ ಒಲೆ ಮುಂದೆ ಕೂತಳು, ಯಶೋದಮ್ಮ ಚಾಪೆ ಹಾಸಿಕೊಂಡು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮಲಗಿದಳು. ಎದ್ದಾಗ ಮೈ ಇನ್ನೂ ಭಾರವಾಗಿತ್ತು. ಇಷ್ಟು ವರ್ಷದ್ದು ಒಂದೇ ನಿದ್ದೆಗೆ ಇಳಿಯುವುದಲ್ಲ. ಅದರ ಮುಂದಿನ ತಿಂಗಳೂ ಮಲಗಿದಳು. ಕೆಂಪಣ್ಣ ಆ ಹೊತ್ತಿನಲ್ಲಿ ಮಗಳಿಗೆ, ಕೆಮ್ಮು ಬಂದರೂ ಮೆಲ್ಲಗೆ ಕೆಮ್ಮು ಎನ್ನುತ್ತಿದ್ದ. ಎಡಗೈಯಲ್ಲಿ ನೆಗೆಟಿವ್‌ಗಳನ್ನು ಕವರಿಗೆ ಹಾಕುವುದು, ಪ್ರಿಂಟಿನ ಹಿಂದೆ ಮುದ್ರೆ ಒತ್ತುವುದು, ಇಷ್ಟನ್ನು ಅವನು ಆ ವರ್ಷ ಕಲಿತ. ಮುದ್ರೆ ಅಂಕುಡೊಂಕಾಗಿ ಬೀಳುತ್ತಿತ್ತು. ಯಾರೂ ಫೋಟೋದ ಹಿಂದೆ ನೋಡುತ್ತಿರಲಿಲ್ಲ.

ಸುಮಾರು ಒಂದು ವರ್ಷ ಕಳೆದು ಯಶೋದಮ್ಮ ಮತ್ತೆ ಪಾಂಡವಪುರಕ್ಕೆ ಹೋಗಲು ಶುರುಮಾಡಿದಳು, ಆಗಾಗ, ತನಗೆ ತೋರಿದಾಗ. ಅಷ್ಟರಲ್ಲಿ ಸಂಘ ಸೊರಗಿತ್ತು. ಎಲ್ಲ ಕಡೆ ಬಣ್ಣದ ಫೋಟೋ. ಮೈಸೂರಿನ ಲ್ಯಾಬಿಗೆ ರೀಲು ಕಳಿಸಿದರೆ ಸಂಜೆಯೊಳಗೆ ಮುಗಿದು ಬರುತ್ತಿತ್ತು. ಕಪ್ಪು ಬಿಳುಪು ಕಾಗದ ಸಿಗುವುದೇ ಕಷ್ಟವಾಯಿತು. ಮಂಚಯ್ಯನಿಗೆ ಉತ್ತರದ ಕಡೆ ಯಾವುದೋ ಅಣೆಕಟ್ಟಿಗೆ ವರ್ಗವಾಯಿತು. ಶಂಕರನಿಗೆ ಪ್ರಮೋಷನ್ ಬಂತು, ಬರುವುದು ಕಡಿಮೆಯಾಯಿತು. ಬಂದಾಗ ಮಾತ್ರ ಯಶೋದಮ್ಮನ ಚಿತ್ರದ ಮುಂದೆ ಮೊದಲಿನಂತೆ ಎದ್ದು ನಿಲ್ಲದೆ, ಕೂತೇ ನೋಡಿ, ಬಹಳ ಹೊತ್ತಾದ ಮೇಲೆ ಒಂದು ಮಾತು ಹೇಳುತ್ತಿದ್ದ.

ತೊಂಬತ್ತೆಂಟರ ಕಾರ್ತಿಕದಲ್ಲಿ ಕೆಂಪಣ್ಣ ಎರಡನೆಯ ಸಲ ಬಿದ್ದ. ಆ ಸಲ ಏಳಲಿಲ್ಲ. ಮಣ್ಣು ಮಾಡಲು ಬಂದವರು ದೊಡ್ಡ ಪಟ ಎಲ್ಲಿ ಎಂದು ಕೇಳಿದರು. ನಾಲ್ಕು ತಾಲ್ಲೂಕಿನವರ ಪಟ ಮಾಡಿಕೊಟ್ಟ ಮನೆಯಲ್ಲಿ ಅವನದೇ ಒಂದು ಪಟವಿರಲಿಲ್ಲ. ಚೈತ್ರ ಹಳೇ ಡಬ್ಬಿಗಳಲ್ಲಿ ಹುಡುಕಿ, ಅಪ್ಪ ಅಮ್ಮನ ಮದುವೆಯಲ್ಲಿ ತೆಗೆಸಿದ ಗುಂಪಿನ ಚಿತ್ರದಿಂದ ಮುಖವನ್ನು ಬೇರೆ ಮಾಡಿಸೋಣ ಎಂದಳು. ಯಶೋದಮ್ಮ ಬೇಡವೆನ್ನಲಿಲ್ಲ. ತಾನೇ ಕತ್ತಲ ಕೋಣೆಗೆ ಹೋಗಿ ಪ್ರಿಂಟು ಮಾಡಿದಳು. ಅದರಲ್ಲಿ ಅವನಿಗೆ ಇಪ್ಪತ್ತಾರು ವರ್ಷ, ಎದೆ ಎತ್ತಿ ಕೂತಿದ್ದ. ಹಾರ ಹಾಕಿದ್ದು ಅದಕ್ಕೇ.

ಇನ್ನೊಂದನ್ನು ಅವಳು ಯಾರಿಗೂ ತೋರಿಸಲಿಲ್ಲ.

ಆ ಮೇಲೆ ಒಂದೇ ಒಂದು ಮೀಟಿಂಗಿಗೆ ಹೋದಳು. ಬಂದವರು ಮೂವರು. ಅವಳು, ಸೋಮಯ್ಯ ಮೇಷ್ಟ್ರು, ಹೊಸದಾಗಿ ಸೇರಿದ ನಾಗಮಂಗಲದ ಒಬ್ಬ ಕಾಲೇಜು ಲೆಕ್ಚರರ್. ಮೂರು ಚಿತ್ರ ತೂಗುಹಾಕಿದರು, ಸ್ವಲ್ಪ ಮಾತಾಡಿದರು. ಗಿರಣಿಯವರು ಮಹಡಿಯನ್ನು ಗೋದಾಮು ಮಾಡುತ್ತಾರಂತೆ ಎಂದು ಮೇಷ್ಟ್ರು ಹೇಳಿದರು. ಬೇರೆ ಜಾಗ ನೋಡಬೇಕು ಎಂದರು, ನೋಡುವ ಉಮೇದು ದನಿಯಲ್ಲಿ ಇರಲಿಲ್ಲ. ಅವರು ಆ ಮಾರ್ಚಿಗೆ ರಿಟೈರಾಗುವವರಿದ್ದರು.

ಮೆಟ್ಟಿಲಿಳಿದು ಅವಳೂ ಮೇಷ್ಟ್ರೂ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಕೆ.ಆರ್. ಪೇಟೆಯ ಬಸ್ಸು ಬಂದಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತರು. ಕಬ್ಬಿನ ಗಾಡಿಗಳು ಸಾಲಾಗಿ ಕಾರ್ಖಾನೆಯ ಕಡೆ ಹೋಗುತ್ತಿದ್ದವು, ಎತ್ತುಗಳು ಕೊರಳು ಇಳಿಬಿಟ್ಟು ನಡೆಯುತ್ತಿದ್ದವು.

“ಸ್ಟುಡಿಯೋ ನಡೆಸ್ತೀರ ತಾನೇ?” ಎಂದು ಮೇಷ್ಟ್ರು ಕೇಳಿದರು.

“ನಡೆಸ್ಬೇಕಲ್ಲ ಸಾ. ಚೈತ್ರಂದು ಓದು ಮುಗೀಬೇಕು. ನಾಳೆ ಅರಕೆರೆಲಿ ಒಂದು ಗೃಹಪ್ರವೇಶ ಐತೆ.”

ಬಸ್ಸು ತಡವಾಯಿತು. ಮೇಷ್ಟ್ರು ಹೊರಡಲು ಎದ್ದವರು ಮತ್ತೆ ಕೂತರು, ಅವಳೊಬ್ಬಳನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲವೇನೋ. ಇಬ್ಬರೂ ಗಾಡಿಗಳು ದಾಟುವುದನ್ನೇ ನೋಡುತ್ತ ಕೂತರು.